ನೆಲನೆಲ್ಲಿ ಅರೆಯುತ್ತಿದ್ದ ಮಾಲನಬೀ ಅವ್ವ

ನನ್ನ ಅಕ್ಕನ ಮೊಮ್ಮಗಳು ಲ್ಯಾಬ್ ಟೆಕ್ನಿಷಿಯನ್ ಓದು ಮುಗಿಸಿ ಮೊನ್ನೆ ಕೆಲಸಕ್ಕೆ ಹೊರಟಳು. ಹೋಗುವ ಮುಂಚೆ ನನ್ನ ಹತ್ತಿರ ಕುಳಿತು, "ಅಜ್ಜಾ, ನಿಮ್ಮ ಕಾಲಕ್ಕ ಮಷಿನ್ ಇದ್ದಿಲ್ಲಂತ. ಮತ್ತ ರಗತ ಹೆಂಗ ತಪಾಸ ಮಾಡತಿದ್ರಿ?" ಎಂದಳು. ಅವಳಿಗೆ ಬಾಯಿಮಾತಲ್ಲಿ ಒಂದಿಷ್ಟು ಹೇಳಿದೆ. ಹೇಳಿ ಕಳಿಸಿದ ಮೇಲೆ, ಮುಖ್ಯವಾದದ್ದನ್ನೇ ಬಿಟ್ಟೆ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ಸುತ್ತಲೇ ನನ್ನ ನೌಕರಿ ಕಳೆಯಿತು. ಯಾವ ದವಾಖಾನೆಯಲ್ಲಿ ಏನು ನಡೆಯಿತು ಎಂದು ಬಿಡಿಸಿ ಹೇಳುವುದಿಲ್ಲ. ತಪ್ಪು ಮಾಡಿದವನು ನಾನು, ಕಟ್ಟಡದ ಹೆಸರು ಯಾಕೆ ಕೆಡಬೇಕು? ಬಡ್ತಿ, ವರ್ಗಾವಣೆಗಳ ಕಥೆಯೂ ಬೇಡ. ಅವು ಎಲ್ಲರಿಗೂ ಆಗುವಂಥವು.

ನಾನು ಸೇರಿದಾಗ ನಮ್ಮ ಲ್ಯಾಬ್ ಎಂದರೆ ಔಷಧ ಉಗ್ರಾಣದ ಪಕ್ಕದ ಒಂದು ಕೋಣೆ, ಒಂದು ಕಿಟಕಿ. ಸಿರಿಂಜು ಗಾಜಿನದು. ದಿನಾ ಬೆಳಿಗ್ಗೆ ಅದನ್ನು ಕುದಿಸಬೇಕು. ಸಕ್ಕರೆ ಕಾಯಿಲೆ ನೋಡಲು ರೋಗಿಯ ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಕಾಯಿಸುತ್ತಿದ್ದೆವು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ ಇದೆ, ಸುಟ್ಟ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿದರೆ ಡಾಕ್ಟರ ಹತ್ತಿರ ಓಡಬೇಕು. ಕಾಮಣಿಗೂ, ಅಂದರೆ ಕಾಮಾಲೆಗೂ, ಬಣ್ಣವೇ ಆಧಾರ. ರಕ್ತದ ಮೇಲಿನ ತಿಳಿಯನ್ನು ಒಂದು ದ್ರಾವಣದಲ್ಲಿ ಬೆರೆಸಿದರೆ ಗುಲಾಬಿ ಬಣ್ಣ ಏರುತ್ತದೆ. ಬಣ್ಣ ಎಷ್ಟು ಗಾಢವೋ ಪಿತ್ತ ಅಷ್ಟು ಹೆಚ್ಚು. ಅದನ್ನು ಅಳೆಯಲು ಮುಳ್ಳಿನ ಒಂದು ಮಷಿನ್ ಇತ್ತು. ವಿದ್ಯುತ್ತು ಏರಿಳಿದರೆ ಅದರ ಮುಳ್ಳೂ ಏರಿಳಿಯುತ್ತಿತ್ತು. ಹಾಗಾಗಿ ನಾನು ಮುಳ್ಳಿಗಿಂತ ನನ್ನ ಕಣ್ಣನ್ನೇ ಹೆಚ್ಚು ನಂಬುತ್ತಿದ್ದೆ. ನಂಬಿ ಕೆಟ್ಟದ್ದೂ ಉಂಟು.

ಒಮ್ಮೆ ಒಬ್ಬ ರೈತನ ಮೂತ್ರ ಅಚ್ಚ ಹಳದಿಯಾಗಿತ್ತು. ಪರೀಕ್ಷೆ ಮಾಡುವ ಮುಂಚೆಯೇ "ಕಾಮಣಿ ಐತಿ" ಎಂದುಬಿಟ್ಟೆ. ಅವನು ನಾಲ್ಕು ದಿನ ಉಪ್ಪು, ಎಣ್ಣೆ ಬಿಟ್ಟು ಬರೀ ಅಂಬಲಿ ಕುಡಿದು ಸೊರಗಿ ಬಂದ. ನಮ್ಮ ವೈದ್ಯಾಧಿಕಾರಿ ಸುಮಿತ್ರಾ ಮೇಡಂ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಏನರ ಗುಳಿಗಿ ತಗೋತೀರೇನು?" ಅವನು ಕಿಸೆಯಿಂದ ಶಕ್ತಿ ಬರಲೆಂದು ಅಂಗಡಿಯಲ್ಲಿ ತಗೊಂಡ ಹಳದಿ ವಿಟಮಿನ್ ಗುಳಿಗೆಯ ಪಟ್ಟಿ ತೆಗೆದ. ಮೂತ್ರ ಹಳದಿಯಾದದ್ದು ಅದರಿಂದ. ಮೇಡಂ ನನ್ನನ್ನು ಬೈಯಲಿಲ್ಲ. "ಮಹಾದೇವ್, ಬಾಟಲಿ ನೋಡೂಕಿಂತ ಮೊದಲ ಮನಷಾನ್ನ ನೋಡ್ರಿ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಸುಮಿತ್ರಾ ಮೇಡಂ ಧಾರವಾಡದ ಕಡೆಯವರು. ತೆಳ್ಳಗಿನ ದೇಹ, ಸಣ್ಣ ದನಿ. ಅವರ ಜೊತೆ ನಾನು ಕೆಲಸ ಮಾಡಿದ್ದು ಕೆಲವೇ ವರ್ಷ, ತೊಂಬತ್ತರ ದಶಕದ ಕೊನೆಯಿಂದ ಮುಂದೆ. ಈಗ ಹೇಳುವ ಸಂಗತಿ ನಡೆದದ್ದು ಆಗ.

ರಾಮದುರ್ಗ ತಾಲೂಕಿನಲ್ಲಿ, ತೊರಗಲ್ಲಿನ ಕೋಟೆ ಕಣ್ಣಿಗೆ ಬೀಳುವಷ್ಟು ದೂರದ ಒಂದು ಹಳ್ಳಿಯಲ್ಲಿ ಮಾಲನಬೀ ಎಂಬ ಮುದುಕಿ ಇದ್ದಳು. ಗಂಡ ಬಳೆ ಮಾರುತ್ತಿದ್ದವನು, ತೀರಿಹೋಗಿದ್ದ. ಪ್ರತಿ ಆದಿತ್ಯವಾರ ಬೆಳಿಗ್ಗೆ ಅವಳ ಅಂಗಳದಲ್ಲಿ ಕಾಮಣಿಯಾದವರು ಸಾಲುಗಟ್ಟಿ ಕೂಡುತ್ತಿದ್ದರು. ಮಲಪ್ರಭೆಯ ದಂಡೆಯ ತೇವದಲ್ಲಿ ಬೆಳೆಯುವ ನೆಲನೆಲ್ಲಿಯನ್ನು ಬೇರು ಸಮೇತ ಕಿತ್ತು, ತೊಳೆದು, ಒರಳಲ್ಲಿ ಅರೆದು, ಆಡಿನ ಹಾಲಲ್ಲಿ ಕಲಸಿ ಕುಡಿಸುತ್ತಿದ್ದಳು. ಯಾರಿಂದಲೂ ಏನೂ ತಗೊಳ್ಳುತ್ತಿರಲಿಲ್ಲ. ಅವಳಲ್ಲಿಗೆ ಹೋಗಿ ಬಂದವರು ಎರಡು ಮೂರು ವಾರದ ಮೇಲೆ ನನ್ನ ಹತ್ತಿರ ರಕ್ತ ಕೊಡುತ್ತಿದ್ದರು. ಗುಲಾಬಿ ಬಣ್ಣ ತಿಳಿಯಾಗಿರುತ್ತಿತ್ತು. ಒಬ್ಬರಲ್ಲ, ಇಬ್ಬರಲ್ಲ, ಬಂದವರೆಲ್ಲ ಹಾಗೇ. ದವಾಖಾನೆಯಲ್ಲಿ ಕಾಮಣಿಗೆ ಗ್ಲೂಕೋಸು, ವಿಶ್ರಾಂತಿ ಬಿಟ್ಟರೆ ಬೇರೆ ಮದ್ದಿಲ್ಲ. ಹೀಗಾಗಿ ನಾನು ಮನಸ್ಸಿನಲ್ಲೇ ಮಾಲನಬೀಯ ಭಕ್ತನಾಗಿದ್ದೆ.

ಆ ವರ್ಷ ಮುನವಳ್ಳಿಯ ಟೇಲರ್ ಈರಪ್ಪ ಕಾಮಣಿಯಾಗಿ ಬಂದ. ನಲವತ್ತರ ಒಳಗಿನ ವಯಸ್ಸು. ಅವನಿಗೆ ಮೊದಲೇ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ ತಾನೇ ಚುಚ್ಚಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ನಮಗೆ ಹೆಪಟೈಟಿಸ್ ಬಿ ಎಂಬ ವೈರಸ್ ಪತ್ತೆ ಮಾಡುವ ಪಟ್ಟಿಗಳು ಬರತೊಡಗಿದ್ದವು. ಬೆರಳಿನಷ್ಟು ಅಗಲದ ಪಟ್ಟಿ. ಅದರ ಮೇಲೆ ರಕ್ತದ ತಿಳಿಯನ್ನು ಹನಿಸಿದರೆ ಒಂದು ಗೆರೆ ಮೂಡುತ್ತದೆ, ಅದು ಪಟ್ಟಿ ಸರಿ ಇದೆ ಎಂಬುದಕ್ಕೆ. ಎರಡನೇ ಗೆರೆ ಮೂಡಿದರೆ ವೈರಸ್ ಇದೆ ಎಂದರ್ಥ. ಈರಪ್ಪನದು ಎರಡು ಗೆರೆ.

ಮೇಡಂ ಅವನಿಗೆ ಬಿಡಿಸಿ ಹೇಳಿದರು. ಇದು ಮೊನ್ನೆ ಬಂದದ್ದಲ್ಲ, ಬಹಳ ವರ್ಷದಿಂದ ಲಿವರಿನಲ್ಲಿ ಕೂತಿರಬೇಕು, ಇದಕ್ಕೆ ಗುಳಿಗೆ ಬಂದಿದೆ ಎನ್ನುತ್ತಾರೆ, ಆದರೆ ನಮ್ಮ ಕಡೆ ಸಿಗುವುದಿಲ್ಲ, ಸದ್ಯಕ್ಕೆ ಶುಗರ್ ಹತೋಟಿಯಲ್ಲಿಟ್ಟು ಕಾಯಬೇಕು ಎಂದು. ಈರಪ್ಪ ಸಪ್ಪೆ ಮುಖ ಮಾಡಿಕೊಂಡು ನನ್ನ ಕೋಣೆಗೆ ಬಂದ.

"ಸರ್ರ, ಮದ್ದ ಇಲ್ಲಂದ್ರ ನಾ ಏನು ಮಾಡ್ಲಿ? ಮಕ್ಕಳು ಸಣ್ಣವು ಅದಾವ್ರಿ."

ನಾನು ಹೊರಗೆ ನೋಡಿ, ಬಾಗಿಲು ಮುಂದೆ ಮಾಡಿ ಹೇಳಿದೆ: "ಡಾಕ್ಟರ್‌ಗೆ ಹೇಳಬ್ಯಾಡ. ತೊರಗಲ್ ಹತ್ರ ಮಾಲನಬೀ ಅಂತ ಅದಾಳ. ಹೋಗು. ಆಕಿ ದವಾ ಕುಡದವರು ಯಾರೂ ಕೆಟ್ಟಿಲ್ಲ."

ಸಣ್ಣ ದನಿಯಲ್ಲಿ ಹೇಳಿದ ಆ ಎರಡು ಮಾತು ನನ್ನ ನೌಕರಿಯ ಅತಿ ದೊಡ್ಡ ತಪ್ಪು.

ಆರನೇ ದಿನ ಮಧ್ಯಾಹ್ನ ಅವನ ಹೆಂಡತಿ ಶಾಂತವ್ವ ಮತ್ತು ಅವನ ತಮ್ಮ ಟೆಂಪೋದಲ್ಲಿ ಈರಪ್ಪನನ್ನು ಹಾಕಿಕೊಂಡು ಬಂದರು. ಕಣ್ಣು ಅರೆಮುಚ್ಚಿತ್ತು. ಕರೆದರೆ ಓ ಅನ್ನುತ್ತಿರಲಿಲ್ಲ. ನಾಲಿಗೆ ಒಣಗಿ ಹಲ್ಲಿಗೆ ಅಂಟಿತ್ತು. ನಾನು ನೀಲಿ ದ್ರಾವಣ ಕಾಯಿಸಿದೆ. ಕುದಿ ಬರುವುದಕ್ಕೂ ಮುಂಚೆಯೇ ಅದು ಇಟ್ಟಂಗಿ ಬಣ್ಣಕ್ಕೆ ತಿರುಗಿತು.

"ಸೂಜಿ ಬಿಟ್ಟಾರೇನು?" ಎಂದು ಮೇಡಂ ಕೇಳಿದರು.

"ಹೌದ್ರಿ," ಎಂದಳು ಶಾಂತವ್ವ. "ಆ ಅವ್ವ, ದವಾ ಕುಡಿಯೂತನಕ ಬ್ಯಾರೆ ದವಾ ಮುಟ್ಟಬಾರದು ಅಂದ್ಲರಿ. ಈ ಸರ್ರು ಹೇಳ್ಯಾರಂತ ಇವರು ಭಾಳ ನಿಷ್ಠಿಲೆ ಪಥ್ಯ ಮಾಡಿದ್ರು."

ಅವಳು ಬೆರಳು ಮಾಡಿದ್ದು ನನ್ನ ಕಡೆ. ಮೇಡಂ ನನ್ನ ಮುಖ ನೋಡಿದರು. ಸಲೈನ್ ಹಚ್ಚಿ, ಇನ್ಸುಲಿನ್ ಕೊಟ್ಟು, "ತಾಸಿಗೊಮ್ಮೆ ಶುಗರ್ ನೋಡ್ರಿ. ನೀವ ನೋಡ್ರಿ, ಬ್ಯಾರೆಯವರಿಗೆ ಬಿಡಬ್ಯಾಡ್ರಿ" ಎಂದರು. ನಾನು ತಾಸಿಗೊಮ್ಮೆ ಅವನ ರಕ್ತ ತೆಗೆದೆ. ಪ್ರತಿ ಸಲ ತೋಳಿಗೆ ಪಟ್ಟಿ ಕಟ್ಟುವಾಗಲೂ ಶಾಂತವ್ವ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಇನ್ನೂ ನನ್ನ ಮೇಲೆ ಭರವಸೆ ಇಟ್ಟುಕೊಂಡು. ಅದನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಸಂಜೆಯ ಹೊತ್ತಿಗೆ ಈರಪ್ಪ ಕಣ್ಣು ತೆರೆದು ನೀರು ಕೇಳಿದ. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅವನು ಮನೆಗೆ ಹೋದ ವಾರ, ಮೇಡಂ ಜೀಪು ತರಿಸಿ, "ನಡೀರಿ, ಆ ಅವ್ವನ್ನ ನೋಡಿ ಬರೂಣು" ಎಂದರು. ದಾರಿಯಲ್ಲಿ ನಾನು ಸಿಟ್ಟನ್ನು ಕೂಡಿಸಿಕೊಂಡು ಹೋದೆ. ನನ್ನ ತಪ್ಪಿನ ಭಾರ ಇಳಿಸಲು ಒಬ್ಬರು ಬೇಕಾಗಿದ್ದರು ನನಗೆ. ಮಾಲನಬೀ ಅಂಗಳದಲ್ಲಿ ಕೂತು ಸೊಪ್ಪು ಆರಿಸುತ್ತಿದ್ದಳು. ನಾನು ನಿಂತಲ್ಲಿಂದಲೇ ಶುರು ಮಾಡಿದೆ: "ಅವ್ವಾ, ಆ ಮುನವಳ್ಳಿ ಟೇಲರ್‌ನ ಸೂಜಿ ಬಿಡಸೀದಿ. ಅಂವಾ ಸಾಯಾಕ ಹತ್ತಿದ್ದ!"

ಅವಳ ಕೈ ನಿಂತಿತು. "ಯಾ ಅಲ್ಲಾ! ಬದಕ್ಯಾನೇನ್ರಿ?"

"ಬದಕ್ಯಾನ," ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಮಹಾದೇವ್, ಈರಪ್ಪನ್ನ ಇಲ್ಲಿಗೆ ಕಳಿಸಿದವರು ಯಾರು ಅನ್ನೂದನ್ನೂ ಹೇಳ್ರಿ" ಎಂದರು. ಹೇಳಿದೆ. ನೆಲ ನೋಡುತ್ತ ಹೇಳಿದೆ.

ಮಾಲನಬೀ ಚಾಪೆ ಹಾಸಿದಳು. "ಆ ಪಥ್ಯ ನಮ್ಮತ್ತಿ ಕಲಿಸಿದ್ದರಿ. ಉಪ್ಪ ಬ್ಯಾಡ, ಎಣ್ಣಿ ಬ್ಯಾಡ, ಬ್ಯಾರೆ ದವಾ ಬ್ಯಾಡ. ನಮ್ಮತ್ತಿ ಕಾಲಕ್ಕ ದಿನಾ ಸೂಜಿ ಚುಚ್ಚಕೊಂಡು ಬದುಕವರು ಯಾರಿದ್ರರಿ? ಅಂಥಾ ಬ್ಯಾನಿ ಐತಿ ಅನ್ನೂದ ನನಗ ಗೊತ್ತಿಲ್ಲ. ಕೇಳಬೇಕಾಗಿತ್ತು. ನಾ ಕೇಳಲಿಲ್ಲ." ಆರಿಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿ, "ಅವರ ಮನಿ ಎಲ್ಲೈತ್ರಿ?" ಎಂದು ಕೇಳಿದಳು.

ಮರುದಿನ ಅವಳು ಎರಡು ಬಸ್ಸು ಬದಲಿಸಿ ಮುನವಳ್ಳಿಗೆ ಹೋಗಿ, ಈರಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು, "ತಪ್ಪಾತಪಾ" ಎಂದು ಹೇಳಿ ಬಂದಳಂತೆ. ಅದನ್ನು ಈರಪ್ಪನೇ ನನಗೆ ಹೇಳಿದ. ನಾನು ಅವನ ಬಳಿ ತಪ್ಪಾಯಿತು ಎಂದು ಹೇಳಿದ್ದು ಅದಾದ ಮೇಲೆ, ಅವಳನ್ನು ನೋಡಿ ಕಲಿತು.

ಅಂದಿನಿಂದ ಮಾಲನಬೀಯ ಅಂಗಳದಲ್ಲಿ ಹೊಸ ಪದ್ಧತಿ. ಯಾರೇ ಬಂದರೂ ಮೊದಲು ಕೇಳುತ್ತಿದ್ದಳು: ಶುಗರ್ ಐತೇನು? ಬಿ.ಪಿ. ಗುಳಿಗಿ ನುಂಗತೀರೇನು? ದಮ್ಮಿನ ದವಾ ಐತೇನು? ಇದ್ದರೆ ಅದನ್ನು ಬಿಡಬಾರದು, ಬಿಟ್ಟು ಬಂದರೆ ತಾನು ಕೊಡುವುದಿಲ್ಲ. ಮೊದಲು ದವಾಖಾನೆಗೆ ಹೋಗಿ ರಕ್ತ ತೋರಿಸಿ ಬರಬೇಕು. ನನಗೆ "ರಗತದ ಸಾಹೇಬ್ರು" ಎಂದು ಹೆಸರಿಟ್ಟಳು. "ರಗತದ ಸಾಹೇಬ್ರ ಚೀಟಿ ತಂದೀಯೇನು?" ಎಂದು ಅವಳು ಕೇಳುವುದನ್ನು ಬಂದವರು ನಗುತ್ತ ಹೇಳುತ್ತಿದ್ದರು.

ಮೇಡಂಗೆ ಇನ್ನೊಂದು ಕುತೂಹಲ ಇತ್ತು. ನೆಲನೆಲ್ಲಿ ಈ ವೈರಸ್ಸನ್ನು ಕೊಲ್ಲುತ್ತದೋ ಇಲ್ಲವೋ ಎಂದು ದೊಡ್ಡ ಊರುಗಳಲ್ಲಿ ಪರೀಕ್ಷೆ ಮಾಡಿದ್ದಾರೆ, ಕೆಲವರು ಹೌದು ಅಂದಿದ್ದಾರೆ, ಕೆಲವರು ಅಲ್ಲ ಅಂದಿದ್ದಾರೆ ಎಂದು ಅವರು ಓದಿದ್ದರು. "ಹಳ್ಳಿ ಮದ್ದು ಅಂತ ನಗಾಕೂ ಹೋಗಬಾರದು, ಹಳ್ಳಿ ಮದ್ದು ಅಂತ ನಂಬಾಕೂ ಹೋಗಬಾರದು. ನೋಡೂಣು" ಎಂದರು. ಮಾಲನಬೀ ಒಪ್ಪಿದಳು. ಎರಡು ಗೆರೆ ಬಂದವರ ಹೆಸರನ್ನು ನಾನು ಒಂದು ನೋಟುಬುಕ್ಕಿನಲ್ಲಿ ಬರೆದೆ. ನೆಲನೆಲ್ಲಿ ಬೇಕೆಂದವರು ಕುಡಿದರು, ಒಲ್ಲೆನೆಂದವರು ಬಿಟ್ಟರು. ಆರು ತಿಂಗಳು ಬಿಟ್ಟು ಎಲ್ಲರನ್ನೂ ಮತ್ತೆ ಕರೆದು ರಕ್ತ ನೋಡುವುದು ಎಂದಾಯಿತು. ಇದು ದೊಡ್ಡ ಸಂಶೋಧನೆ ಏನಲ್ಲ. ಬಂದವರು ಕೆಲವೇ ಜನ. ಅದರಿಂದ ಜಗತ್ತಿಗೆ ಏನೂ ಸಿದ್ಧವಾಗುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು.

ಮರುಪರೀಕ್ಷೆಯ ದಿನ ಮಾಲನಬೀ ತಾನೂ ಬಂದಳು. ನನ್ನ ಸ್ಟೂಲಿನ ಮೇಲೆ ಕೂತು, ಒಂದೊಂದು ಪಟ್ಟಿಯನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಓದು ಬರಹ ಬಾರದು, ಆದರೆ ಗೆರೆ ಎಣಿಸಲು ಓದು ಯಾಕೆ ಬೇಕು? ಪ್ರತಿಯೊಬ್ಬರ ಮುಖವೂ ಅವಳಿಗೆ ನೆನಪಿತ್ತು. ಯಾರು ಕುಡಿದಿದ್ದರು, ಯಾರು ಕುಡಿದಿರಲಿಲ್ಲ, ಎಲ್ಲ ಬಾಯಲ್ಲೇ ಇತ್ತು. ಹೊಸದಾಗಿ ಸೋಂಕು ತಗುಲಿದ್ದವರ ಎರಡನೇ ಗೆರೆ ಹೋಗಿತ್ತು. ಈರಪ್ಪನಂತೆ ಬಹಳ ವರ್ಷದಿಂದ ವೈರಸ್ ಇದ್ದವರದು ಹಾಗೇ ಇತ್ತು.

ಎಲ್ಲ ಮುಗಿದ ಮೇಲೆ ಅವಳು ಮೇಡಂಗೆ ಹೇಳಿದಳು: "ಹೋದವರದು ನನ್ನ ದವಾ ಕುಡದರೂ ಹೋಗೇತಿ, ಕುಡೀದಿದ್ರೂ ಹೋಗೇತಿ. ಉಳದವರದು ಕುಡದರೂ ಉಳದೈತಿ. ಹೌದಿಲ್ಲೋ?"

"ಹೌದವ್ವಾ."

"ಹಂಗಾದ್ರ ನನ್ನ ದವಾ ಮಾಡೂದಾರ ಏನ್ರಿ?"

"ಹಸಿವು ತರಬಹುದು. ಬ್ಯಾನಿ ಬಂದವರಿಗೆ ಒಂದೀಟು ಧೈರ್ಯ ಬರತೈತಿ. ಅದರ ಮ್ಯಾಲ ನನಗೂ ಗೊತ್ತಿಲ್ಲ."

ಮಾಲನಬೀ ತನ್ನ ತೋಳಿನ ಮೇಲಿನ ಸೆರಗು ಸರಿಸಿ ನನ್ನ ಮುಂದೆ ಕೈ ಚಾಚಿದಳು. "ರಗತದ ಸಾಹೇಬ್ರ, ನಂದೂ ನೋಡ್ರಿ. ನನಗ ಹರೇದಾಗ ಕಾಮಣಿ ಆಗಿತ್ತು. ನಮ್ಮತ್ತಿ ಇದ ದವಾ ಕುಡಿಸಿ ಆರಾಮ ಮಾಡಿದ್ಲು. ಆಮ್ಯಾಲ ವರ್ಷಕ್ಕೊಮ್ಮಿ ನಾನೂ ಕುಡಕೋತ ಬಂದೇನಿ."

ನಾನು ರಕ್ತ ತೆಗೆದೆ. ಅವಳೇ ಪಟ್ಟಿ ಹಿಡಿದುಕೊಂಡಳು. ಮೊದಲ ಗೆರೆ ಬಂತು. ಆಮೇಲೆ ಎರಡನೆಯದು, ಮೊದಲಿನದಕ್ಕಿಂತ ಗಾಢವಾಗಿ.

ಆಕೆಗೆ ಇದು ತಾಯಿಯಿಂದ ಬಂತೋ, ಯಾವುದೋ ಕಾಲದ ಸೂಜಿಯಿಂದ ಬಂತೋ ಹೇಳಲಾಗದು. ಲಿವರ್ ಚೆನ್ನಾಗಿದೆ, ಸದ್ಯಕ್ಕೆ ಅಪಾಯವಿಲ್ಲ ಎಂದು ಮೇಡಂ ಸಮಾಧಾನ ಹೇಳಿದರು. ಮಾಲನಬೀ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ನಾಕು ಮಕ್ಕಳನ್ನ ಹಡದೇನ್ರಿ" ಎಂದಷ್ಟೇ ಅಂದಳು.

ನಾನು ಅಂದುಕೊಂಡದ್ದು, ಈ ಸುದ್ದಿ ನಮ್ಮ ಮೂವರ ನಡುವೆ ಉಳಿಯುತ್ತದೆ ಎಂದು. ಹೊರಗೆ ಬಿದ್ದರೆ ಅವಳ ಹೆಸರು ಹೋಗುತ್ತದೆ, ಅಂಗಳ ಬರಿದಾಗುತ್ತದೆ. ಮುಂದಿನ ಆದಿತ್ಯವಾರ ಮೇಡಂ ಹೇಳಿದ ಕೆಲವರ ರಕ್ತ ತರಲು ನಾನೇ ಅಲ್ಲಿಗೆ ಹೋಗಿದ್ದೆ. ಜನ ಕೂತಿದ್ದರು. ಮಾಲನಬೀ ಒರಳಿನ ಮುಂದೆ ಕೂಡದೆ ನಿಂತುಕೊಂಡೇ ಹೇಳಿದಳು:

"ಕೇಳ್ರಿ ಎಲ್ಲಾರೂ. ಈ ಸೊಪ್ಪಿಲೆ ಹಸಿವಿ ಆಕೈತಿ, ಬಾಯಿ ರುಚಿ ಬರತೈತಿ. ಕಾಮಣಿ ಬಣ್ಣ ಇಳಿಯೂದು ಭಾಳ ಮಂದಿಗೆ ತಾನ ಇಳೀತೈತಿ. ರಗತದಾಗ ಹುಳ ಕುಂತಿತ್ತಂದ್ರ ಇದು ಅದನ್ನ ಕೊಲ್ಲಂಗಿಲ್ಲ. ನನ್ನ ರಗತದಾಗೂ ಐತಿ. ಇಷ್ಟು ವರ್ಷ ಕುಡದರೂ ಹೋಗಿಲ್ಲ. ಅದಕ್ಕ ಮೊದಲ ತಪಾಸ ಮಾಡಸ್ರಿ."

ಒಬ್ಬ ಮುದುಕ ಎದ್ದು ನಿಂತ. "ನನ್ನ ಮಗನ್ನ ನೀನ ಉಳಿಸೀದಿ ಅಂತ ಊರ ತುಂಬ ಹೇಳೇನಿ. ಈಗ ಎಲ್ಲಾ ಸುಳ್ಳಂತೀಯೇನು?"

"ಸುಳ್ಳ ಅನ್ನಾಕ ಹತ್ತಿಲ್ಲೋ ಅಣ್ಣಾ. ನನಗ ತಿಳದಷ್ಟ ಹೇಳಾಕ ಹತ್ತೇನಿ."

ಆ ದಿನವೇ ಅರ್ಧ ಜನ ಎದ್ದು ಹೋದರು. ಬೇರೊಂದು ಊರಿನಲ್ಲಿ ಗ್ಯಾರಂಟಿ ಮದ್ದು ಕೊಡುವವನು ಇದ್ದಾನೆ ಎಂದು ಮಾತಾಡಿಕೊಂಡೇ ಹೋದರು. ಮಾಲನಬೀ ಉಳಿದವರಿಗೆ ಸೊಪ್ಪು ಅರೆಯಲು ಕೂತಳು. ನನ್ನ ನೌಕರಿಯಲ್ಲಿ ದೊಡ್ಡ ದೊಡ್ಡ ಡಾಕ್ಟರರನ್ನು ಕಂಡಿದ್ದೇನೆ, ಜಾಣರನ್ನು ಕಂಡಿದ್ದೇನೆ. ತನ್ನ ಹೆಸರಿಗೆ ಆಧಾರವಾಗಿದ್ದ ನಂಬಿಕೆಯನ್ನು ತಾನೇ ಜನರೆದುರು ಕೆಡವಿದವರೆಂದರೆ ನಾನು ಕಂಡಂತೆ ಇವಳೊಬ್ಬಳೇ.

ಈರಪ್ಪನ ಮಾತು ಇಲ್ಲಿ ಮುಗಿಸಿಬಿಡುತ್ತೇನೆ. ಕೆಲವು ವರ್ಷಗಳಲ್ಲಿ ವೈರಸ್ಸನ್ನು ಹತೋಟಿಯಲ್ಲಿಡುವ ಗುಳಿಗೆಗಳು ನಮ್ಮ ಕಡೆಯೂ ಬಂದವು. ಅವನು ದಿನಾ ಒಂದು ಗುಳಿಗೆ, ಎರಡು ಸೂಜಿ ತಪ್ಪಿಸದೆ ತಗೊಂಡು, ಹೆಣ್ಣುಮಕ್ಕಳ ಮದುವೆ ಮಾಡಿದ. ನಾನು ನಿವೃತ್ತನಾದ ದಿನ ಹಾಕಿಕೊಂಡ ಸಫಾರಿ ಅವನೇ ಹೊಲಿದು ಕೊಟ್ಟದ್ದು.

ಮಾಲನಬೀ ಗ್ಯಾರಂಟಿ ಮದ್ದಿನವನ ಕಡೆಗೆ ಹೋದವರ ಚಿಂತೆ ಮಾಡಲಿಲ್ಲ. ಅವಳ ಚಿಂತೆ ಬೇರೆ. ಒಬ್ಬೊಬ್ಬರನ್ನೇ ಎಳೆದು ತಂದು ನಾಲ್ಕೂ ಮಕ್ಕಳ ರಕ್ತ ತೆಗೆಸಿದಳು. ಇಬ್ಬರದು ಒಂದು ಗೆರೆ, ಇಬ್ಬರದು ಎರಡು. ಎರಡು ಗೆರೆಯವರಲ್ಲಿ ಕಿರಿ ಮಗಳು ರಮೀಜಾ ಒಬ್ಬಳು. ಅವಳು ಆಗ ಐದು ತಿಂಗಳ ಬಸುರಿ. ಕೂಸಿಗೂ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮೇಡಂ, "ಹಡೆಯೂ ಹೊತ್ತಿನಾಗ ತಾಯಿಯಿಂದ ಬರತೈತಿ. ಆದ್ರ ಹುಟ್ಟಿದ ದಿನಾನ ಲಸಿಕಿ ಹಾಕಿದ್ರ ತಪ್ಪಿಸಬಹುದು" ಎಂದರು. ಮಾಲನಬೀ ಅದನ್ನು ಮೂರು ಸಲ ಹೇಳಿಸಿಕೊಂಡಳು.

ಅವರ ಮನೆತನದಲ್ಲಿ ಎಲ್ಲ ಹೆರಿಗೆಯೂ ಮನೆಯಲ್ಲೇ ಆದದ್ದು. ಬಹಳ ಹೆರಿಗೆ ಮಾಡಿಸಿದ್ದವಳೂ ಅವಳೇ. ಆದರೂ ರಮೀಜಾಳಿಗೆ ದಿನ ತುಂಬುವ ಒಂದು ವಾರ ಮೊದಲೇ ಗಂಟುಮೂಟೆ ಕಟ್ಟಿ, ಅವಳನ್ನು ಕರೆದುಕೊಂಡು ದವಾಖಾನೆಯ ಹತ್ತಿರ ಪರಿಚಯದವರ ಮನೆಯಲ್ಲಿ ಬಂದು ಉಳಿದಳು. ಲಸಿಕೆ, ಅದರ ಜೊತೆ ಕೊಡಬೇಕಾದ ಇನ್ನೊಂದು ಸೂಜಿ, ಎರಡೂ ನಮ್ಮಲ್ಲಿ ಇರಲಿಲ್ಲ. ಮೇಡಂ ಬೆಳಗಾವಿಗೆ ಹೇಳಿಕಳಿಸಿದರು; ನಾನು ಅಲ್ಲಿಗೆ ಹೋಗಿ, ಮಂಜುಗಡ್ಡೆಯ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಒಂದು ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ಕೂಸಿನ ತೊಡೆಯನ್ನು ಹಿಡಿದುಕೊಂಡವಳು ಮಾಲನಬೀ. ನರ್ಸಮ್ಮ ಸೂಜಿ ಚುಚ್ಚಿದಾಗ ಕೂಸು ಕಿರುಚಿತು, ಮುದುಕಿ ಕಣ್ಣು ಮುಚ್ಚಿದಳು, ಹಿಡಿದ ಕೈ ಮಾತ್ರ ಸಡಿಲಿಸಲಿಲ್ಲ.

ಉಳಿದ ಲಸಿಕೆಗಳಿಗೂ ಒಂದು ದಿನ ತಪ್ಪಿಸಲಿಲ್ಲ. ಕೂಸಿಗೆ ವರ್ಷ ದಾಟಿದ ಮೇಲೆ ಪರೀಕ್ಷೆಗೆ ಕರೆತಂದರು. ನನಗೆ ಅಷ್ಟು ಸಣ್ಣ ತೋಳಿನಿಂದ ರಕ್ತ ತೆಗೆಯುವುದು ರೂಢಿಯಿರಲಿಲ್ಲ, ನಿಧಾನವಾಗಿ ತೆಗೆದೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು ಮಾಲನಬೀ, ರಮೀಜಾ, ನಾನು ಮೂವರೂ ಅದನ್ನೇ ನೋಡುತ್ತ ಕೂತೆವು. ಒಂದು ಗೆರೆ ಬಂತು. ಹೇಳಿದ ಹೊತ್ತು ಮುಗಿಯಿತು. ಮಾಲನಬೀ ಪಟ್ಟಿಯಿಂದ ಕಣ್ಣು ಕೀಳದೆ ಕೇಳಿದಳು:

"ಇನ್ನೂ ಒಂದೀಟು ಕಾಯೂಣೇನ್ರಿ?"

"ಬ್ಯಾಡವ್ವಾ. ಇನ್ನ ಬರಂಗಿಲ್ಲ," ಎಂದೆ ನಾನು.

ಅವಳು ಮೊಮ್ಮಗಳನ್ನು ಎತ್ತಿಕೊಂಡು, ಹತ್ತಿ ಅಂಟಿಸಿದ್ದ ಆ ಸಣ್ಣ ತೋಳಿಗೆ ಮುತ್ತಿಟ್ಟಳು. ಬಾಗಿಲ ತನಕ ಹೋಗಿ ತಿರುಗಿ ನಿಂತು, "ನೀವು ನಾಳಿಗೆ ಇರತೀರೇನ್ರಿ?" ಎಂದು ಕೇಳಿದಳು. ಇರುತ್ತೇನೆ ಎಂದೆ.

ಮರುದಿನ ದವಾಖಾನೆಯ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಹಳ್ಳಿಯ ಮೂವರು ಬಸುರಿ ಹೆಣ್ಣುಮಕ್ಕಳು, ತೋಳು ಏರಿಸಿಕೊಂಡು.